ಗಾಯಗೊಂಡ ಇಬ್ಬರ ಪ್ರೇಮಕತೆಯನ್ನು ಬರೆಯುವುದು ಹೇಗೆ: ಕಾಫಿ ಸೀಮೆಯ ಹಿನ್ನೆಲೆಯಲ್ಲೊಂದು ಕೈಪಿಡಿ

ಮೊಬೈಲಿನಲ್ಲಿ ಕನ್ನಡ ಧಾರಾವಾಹಿಗಳನ್ನು ಓದುವವರಿಗೆ ಈ ಜಾಡಿನ ಕತೆ ಚೆನ್ನಾಗಿ ಗೊತ್ತು. ಚಿಕ್ಕಮಗಳೂರು ಕಡೆಯ ದೊಡ್ಡ ಎಸ್ಟೇಟಿನ ಒಡೆಯ, ಮಾತು ಕಡಿಮೆ, ಸಿಟ್ಟು ಹೆಚ್ಚು, ಬಾಲ್ಯದಲ್ಲಿ ಅವನಿಗೆ ಏನೋ ಆಗಿದೆ. ಸಾಲಕ್ಕೋ ಸೇಡಿಗೋ ಒಬ್ಬ ಹುಡುಗಿಯನ್ನು ಮದುವೆಯಾಗಿ ತಂದು ಬಂಗಲೆಯಲ್ಲಿ ಕೂರಿಸುತ್ತಾನೆ. ಹತ್ತಾರು ಕಂತು ಅವಳು ಅತ್ತ ಮೇಲೆ ಅವನು ಕರಗುತ್ತಾನೆ. ಇಂಥ ಕತೆಗೆ ಓದುಗರಿದ್ದಾರೆ, ಬರೆಯಬೇಡಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅಲ್ಲಿ ಯಾರ ಗಾಯವೂ ಮಾಯುವುದಿಲ್ಲ, ಒಬ್ಬನ ಗಾಯ ಇನ್ನೊಬ್ಬಳ ಮೈಗೆ ದಾಟುತ್ತದೆ ಅಷ್ಟೆ. ಹಿಂಸೆಯಿಂದ ಪಾರಾಗಿ ಬಂದ ಇಬ್ಬರು ಹೆದರುತ್ತಲೇ ಒಬ್ಬರನ್ನೊಬ್ಬರು ಹತ್ತಿರಕ್ಕೆ ಬಿಟ್ಟುಕೊಳ್ಳುವ ಕತೆಯನ್ನು ಬರೆಯಬೇಕೆಂದಿರುವವರಿಗೆ ಈ ಬರಹ. ಮಾತು ಗಾಳಿಯಲ್ಲಿ ಉಳಿಯಬಾರದೆಂದು ಇದಕ್ಕಾಗಿಯೇ ಇಬ್ಬರನ್ನು ಕಲ್ಪಿಸಿಕೊಂಡಿದ್ದೇನೆ.

ಭಾರತಿಗೆ ಮೂವತ್ತೊಂದು ವರ್ಷ. ಅರಸೀಕೆರೆಯ ಕಡೆಯವಳು, ಕಡೂರಿಗೆ ಕೊಟ್ಟಿದ್ದರು. ಗಂಡನ ಹೊಡೆತ ತಾಳಲಾರದೆ 2016ರಲ್ಲಿ ಮನೆ ಬಿಟ್ಟು ಬಂದು, ಈಗ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ತೂಕದ ಲೆಕ್ಕ ಬರೆಯುತ್ತಾಳೆ. ವಿಚ್ಛೇದನದ ಕೇಸು ಇನ್ನೂ ಮುಗಿದಿಲ್ಲ. ಪೂರ್ಣೇಶ ಮೂಡಿಗೆರೆ ತಾಲ್ಲೂಕಿನವನು, ಎಸ್ಟೇಟ್ ಒಂದರ ಪಿಕಪ್ ಓಡಿಸುತ್ತಾನೆ. ಹತ್ತೊಂಬತ್ತರ ವಯಸ್ಸಿನಲ್ಲಿ, ಕುಡಿದು ಬಂದು ತಾಯಿಯನ್ನು ಹೊಡೆಯುತ್ತಿದ್ದ ತಂದೆಯ ಮೇಲೆ ಕತ್ತಿ ಬೀಸಿ ಜೈಲಿಗೆ ಹೋದವನು. ತಂದೆ ಸಾಯಲಿಲ್ಲ, ಇವತ್ತಿಗೂ ಕಾಲು ಎಳೆದುಕೊಂಡು ಅದೇ ಊರಿನಲ್ಲಿ ಓಡಾಡುತ್ತಾನೆ. ಕತೆ ನಡೆಯುವುದು 2019ರಲ್ಲಿ. ಇಸವಿಯನ್ನು ಇಷ್ಟು ಖಚಿತವಾಗಿ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಮೊದಲು ಗಾಯದ ಚರಿತ್ರೆ

ಇಬ್ಬರೂ ಭೇಟಿಯಾಗುವ ಅಧ್ಯಾಯಕ್ಕೆ ಕೈಹಾಕುವ ಮುನ್ನ, ಕಾದಂಬರಿಯಲ್ಲಿ ಎಂದಿಗೂ ಬಾರದ ಒಂದೊಂದು ಪುಟವನ್ನು ಪ್ರತಿಯೊಬ್ಬರಿಗೂ ಬರೆದಿಟ್ಟುಕೊಳ್ಳಿ. ಏನಾಯಿತು, ಎಲ್ಲಿ, ಎಷ್ಟು ವರ್ಷ, ಮೊದಲ ಸಲ ಯಾವಾಗ, ಕೊನೆಯ ಸಲ ಯಾವಾಗ ಎಂಬುದರ ಜೊತೆಗೆ ಯಾರಿಗೆ ಗೊತ್ತಿತ್ತು, ಗೊತ್ತಿದ್ದೂ ಯಾರು ಸುಮ್ಮನಿದ್ದರು ಎಂಬುದೂ ಅದರಲ್ಲಿರಲಿ. ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನ ಲೇಖಕರು ಮರೆಯುತ್ತಾರೆ. ನಮ್ಮ ಸೀಮೆಯಲ್ಲಿ ಯಾರ ಮನೆಯ ಹೊಡೆತವೂ ಗುಟ್ಟಾಗಿರುವುದಿಲ್ಲ. ಎಸ್ಟೇಟಿನ ಲೈನ್ ಮನೆಗಳಲ್ಲಿ ಒಂದೇ ಗೋಡೆಯ ಆಚೆ ಇನ್ನೊಂದು ಸಂಸಾರ ಇರುತ್ತದೆ. ಒಂಟಿಮನೆಯಾದರೂ ಕೆಲಸದವರಿಗೆ, ಹಾಲು ತರುವವನಿಗೆ, ಆಸ್ಪತ್ರೆಯ ನರ್ಸಿಗೆ ಎಲ್ಲ ತಿಳಿದಿರುತ್ತದೆ. ಭಾರತಿಗೆ ಗಂಡನ ಮೇಲಿರುವಷ್ಟೇ ಸಿಟ್ಟು, ‘ಹೊಂದ್ಕೊಂಡು ಹೋಗು ಮಗಳೇ, ಗಂಡಸ್ರು ಅಂದ್ಮೇಲೆ ಇದ್ದಿದ್ದೇ’ ಎಂದು ಎರಡು ಸಲ ವಾಪಸು ಕಳಿಸಿದ ತಾಯಿಯ ಮೇಲೂ ಇದೆ. ಅದು ಗೊತ್ತಿದ್ದರೆ, ಪೂರ್ಣೇಶ ಮುಂದೆಂದೋ ಒಳ್ಳೆಯ ಮನಸ್ಸಿನಿಂದಲೇ ‘ನಿಮ್ಮಮ್ಮನ್ನ ಒಂದ್ಸಲ ನೋಡ್ಕೊಂಡು ಬನ್ನಿ’ ಎಂದಾಗ ಅವಳು ಯಾಕೆ ಸಿಡಿದಳು ಎಂಬುದು ನಿಮಗೂ ಓದುಗರಿಗೂ ಅರ್ಥವಾಗುತ್ತದೆ.

ಗಾಯ ಮೈಯಲ್ಲಿ ಹೇಗೆ ಕೂತಿರುತ್ತದೆ

ಆಘಾತದ ನಂತರದ ಒತ್ತಡದ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಸಂಘವು ಒಂದು ಪ್ರತ್ಯೇಕ ಕಾಯಿಲೆಯೆಂದು ತನ್ನ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ವರ್ಷಗಟ್ಟಲೆ ತಪ್ಪಿಸಿಕೊಳ್ಳಲಾಗದೆ ಹಿಂಸೆ ಅನುಭವಿಸಿದವರಲ್ಲಿ ಕಾಣುವ, ಇನ್ನೂ ಆಳವಾದ ರೂಪಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ ಬೇರೆಯೇ ಸ್ಥಾನ ಕೊಟ್ಟಿದೆ. ಆ ಆವೃತ್ತಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಇದೆಲ್ಲ ನಿಮ್ಮ ತಿಳಿವಳಿಕೆಗೆ ಬೇಕು, ಕಾದಂಬರಿಯ ಪುಟಕ್ಕೆ ಬೇಡ. ಪಾತ್ರದ ಬಾಯಲ್ಲಿ ಕಾಯಿಲೆಯ ಹೆಸರು ಬಂದ ಗಳಿಗೆಯಲ್ಲಿ ಕತೆ ನಿಂತು ಉಪನ್ಯಾಸ ಶುರುವಾಗುತ್ತದೆ.

ಪುಟದ ಮೇಲೆ ಬರಬೇಕಾದದ್ದು ಮೈಯ ವರ್ತನೆ: ಸಣ್ಣ ಸದ್ದಿಗೆ ಬೆಚ್ಚುವುದು, ಯಾವ ಕೋಣೆಗೆ ಹೋದರೂ ಬಾಗಿಲಿಗೆ ಮುಖ ಮಾಡಿ ಕೂರುವುದು, ನಿದ್ದೆಯಲ್ಲಿ ಹಲ್ಲು ಕಚ್ಚುವುದು, ಅಳಬೇಕಾದಲ್ಲಿ ಏನೂ ಅನ್ನಿಸದೆ ಮರಗಟ್ಟಿ ಕೂರುವುದು. ಎಲ್ಲರೂ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುವುದಿಲ್ಲ. ಕೆಲವರು ಎದುರು ನಿಲ್ಲುತ್ತಾರೆ, ಕೆಲವರು ಓಡುತ್ತಾರೆ, ಕೆಲವರು ಕಲ್ಲಾಗುತ್ತಾರೆ, ಇನ್ನು ಕೆಲವರು ಎದುರಿಗಿರುವವರ ಸಿಟ್ಟು ಏಳುವ ಮುನ್ನವೇ ಅವರನ್ನು ಓಲೈಸುತ್ತಾರೆ. ಭಾರತಿ ಈ ಕೊನೆಯ ಗುಂಪಿನವಳು. ಅವಳು ಬೇಗ ನಗುತ್ತಾಳೆ, ತಪ್ಪಿಲ್ಲದಿದ್ದರೂ ‘ಸಾರಿ ಸರ್’ ಎನ್ನುತ್ತಾಳೆ, ಯಾರು ಏನು ಕೇಳಿದರೂ ‘ಪರವಾಗಿಲ್ಲ ಬಿಡಿ’ ಎನ್ನುತ್ತಾಳೆ. ಆಫೀಸಿನಲ್ಲಿ ಅವಳನ್ನು ಎಲ್ಲರೂ ಒಳ್ಳೆಯ ಸ್ವಭಾವದ ಹೆಂಗಸು ಎಂದುಕೊಂಡಿದ್ದಾರೆ, ಅದು ಭಯವೆಂದು ಗುರುತಿಸುವವನು ಪೂರ್ಣೇಶ ಒಬ್ಬನೇ. ಯಾಕೆಂದರೆ ಅವನ ತಾಯಿಯೂ ಹೀಗೇ ನಗುತ್ತಿದ್ದಳು.

ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಬರುವ ವಾಕ್ಯ ಹೀಗಿರುತ್ತದೆ: ‘ಅವನು ಕೈ ಎತ್ತಿದ ಕೂಡಲೇ ಭಾರತಿಗೆ ಗತಕಾಲದ ಕರಾಳ ನೆನಪುಗಳು ಮರುಕಳಿಸಿ ಹೃದಯ ನುಚ್ಚುನೂರಾಯಿತು.’ ಇದರಲ್ಲಿ ಭಾರತಿ ಎಲ್ಲಿದ್ದಾಳೆ? ಇದೇ ಜಾಗಕ್ಕೆ ಇನ್ನೊಂದನ್ನು ಇಟ್ಟು ನೋಡಿ.

‘ಹಮಾಲಿಗಳು ಊಟಕ್ಕೆ ಹೋಗಿದ್ದರು. ಮೇಲಿನ ಚೀಲ ಎಳೆಯಲು ಪೂರ್ಣೇಶನೇ ಕೈ ಎತ್ತಿದ. ಭಾರತಿಯ ಎಡಗೈ ತಾನಾಗಿ ಕಿವಿಯ ಮೇಲೆ ಬಂತು. ಮರುಗಳಿಗೆ ಅದೇ ಕೈಯಲ್ಲಿ ಕೂದಲು ಹಿಂದಕ್ಕೆ ಸರಿಸಿಕೊಂಡು, “ಎಷ್ಟು ಚೀಲ ಅಂದ್ರಿ?” ಎಂದಳು. ಅವನು ಆಗಲೇ ಎರಡು ಸಲ ಹೇಳಿದ್ದ. “ಇಪ್ಪತ್ನಾಲ್ಕು ಮೇಡಂ,” ಎಂದು ಮೂರನೆಯ ಸಲವೂ ಹೇಳಿದ. ಉಳಿದ ಚೀಲಗಳನ್ನು ಇಳಿಸುವಾಗ ಕೈಯನ್ನು ಭುಜಕ್ಕಿಂತ ಮೇಲೆ ತರಲಿಲ್ಲ.’

ನೆನಪು, ಕರಾಳ, ಹೃದಯ ಯಾವುದೂ ಇಲ್ಲಿಲ್ಲ. ಅವಳಿಗೆ ಯಾರೋ ಕಿವಿಯ ಮೇಲೆ ಹೊಡೆದಿದ್ದಾರೆ, ಅವಳು ಅದನ್ನು ಮುಚ್ಚಿಕೊಳ್ಳಲು ಕಲಿತಿದ್ದಾಳೆ, ಅವನು ಅದನ್ನು ಕಂಡಿದ್ದಾನೆ, ಕಂಡೆನೆಂದು ತೋರಿಸಿಕೊಂಡಿಲ್ಲ ಎಂಬ ನಾಲ್ಕೂ ಸಂಗತಿಗಳು ಓದುಗರಿಗೆ ತಲುಪಿವೆ. ಇಬ್ಬರ ನಡುವೆ ಪ್ರೀತಿಯ ಮೊದಲ ಎಳೆ ಹುಟ್ಟಿದ್ದೂ ಇಲ್ಲಿಯೇ, ಕಣ್ಣು ಕಣ್ಣು ಸೇರಿದ ಕಡೆಯಲ್ಲಲ್ಲ.

ಭಯವನ್ನು ಎಬ್ಬಿಸುವ ವಸ್ತು ಸಣ್ಣದಾಗಿರಲಿ ಮತ್ತು ಒಂದೇ ಆಗಿರಲಿ. ಗುಡುಗು, ರಕ್ತ, ಕಿರುಚಾಟಗಳನ್ನು ನಾನು ಆರಿಸುವುದಿಲ್ಲ. ಭಾರತಿಗೆ ಅದು ಅಂಗಳದಲ್ಲಿ ಬೈಕಿನ ಸ್ಟ್ಯಾಂಡ್ ಹಾಕುವ ಸದ್ದು. ಗಂಡ ರಾತ್ರಿ ಬರುತ್ತಿದ್ದಾಗ ಆ ಸದ್ದಿಗೂ ಬಾಗಿಲು ತಟ್ಟುವುದಕ್ಕೂ ನಡುವೆ ಇರುತ್ತಿದ್ದ ಹೊತ್ತಿನಲ್ಲಿ ಅವಳು ಮಗುವಿನ ಹಾಸಿಗೆಯನ್ನು ಒಳಕೋಣೆಗೆ ಎಳೆಯುತ್ತಿದ್ದಳು. ಒಮ್ಮೆ ಇದು ನಿಮ್ಮ ಕೈಗೆ ಸಿಕ್ಕಿದರೆ ಇಡೀ ಪ್ರೇಮಕತೆಯ ಅಳತೆಗೋಲು ಸಿಕ್ಕಿದಂತೆ. ಪೂರ್ಣೇಶ ಮೊದಲ ಸಲ ಅವಳ ಬಾಡಿಗೆ ಮನೆಗೆ ಏನೋ ಕಾಗದ ಕೊಡಲು ಬಂದಾಗ ಅವಳು ಬಾಗಿಲು ತೆಗೆಯುವುದಿಲ್ಲ. ಎರಡನೆಯ ಸಲ ಅವನು ಬೈಕನ್ನು ರಸ್ತೆಯ ತಿರುವಿನಲ್ಲೇ ಬಿಟ್ಟು ನಡೆದು ಬಂದು, ಗೇಟಿನಾಚೆ ನಿಂತು ಹೆಸರು ಹೇಳುತ್ತಾನೆ. ಎಷ್ಟೋ ತಿಂಗಳ ಮೇಲೆ, ಮಳೆ ಸುರಿಯುತ್ತಿರುವ ಒಂದು ಸಂಜೆ, ‘ಬೈಕ್ ಒಳಗೇ ತಂದ್ಬಿಡಿ, ನೆನೀತದೆ’ ಎಂದು ಅವಳೇ ಹೇಳುತ್ತಾಳೆ. ನೂರು ಪುಟ ಕಾದ ಓದುಗರಿಗೆ ಈ ಮಾತು ಯಾವ ಮುತ್ತಿಗೂ ಕಡಿಮೆಯಲ್ಲ.

ಊರು, ಮಳೆ, ಕಾಫಿ

ಕಾಫಿ ಸೀಮೆಯನ್ನು ಮಂಜು, ಗುಡ್ಡ, ಹೋಮ್‌ಸ್ಟೇ ಎಂದು ಪ್ರವಾಸಿಗರ ಕಣ್ಣಿನಲ್ಲಿ ಬರೆದರೆ ಕತೆಗೆ ಏನೂ ಸಿಗುವುದಿಲ್ಲ. ಇಲ್ಲಿನ ವರ್ಷವನ್ನು ಕಾಫಿಯೇ ಭಾಗ ಮಾಡುತ್ತದೆ. ಆ ಭಾಗಗಳನ್ನೇ ಕತೆಯ ಕಂಬಗಳಾಗಿ ಬಳಸಿಕೊಳ್ಳಬಹುದು. ಅರೇಬಿಕಾ ಕೊಯ್ಲು ಸುಮಾರು ನವೆಂಬರಿನಿಂದ ಜನವರಿವರೆಗೆ, ಅದರ ಬೆನ್ನಿಗೆ ರೋಬಸ್ಟಾ. ಕಣದಲ್ಲಿ ಒಣಗಿದ ಕಾಫಿ ಚೀಲ ಕಟ್ಟಿಸಿಕೊಂಡು ಕ್ಯೂರಿಂಗ್ ವರ್ಕ್ಸ್‌ಗೆ ಬರುವ ಈ ತಿಂಗಳುಗಳಲ್ಲಿ ಪೂರ್ಣೇಶನಿಗೂ ಭಾರತಿಗೂ ಭೇಟಿಯಾಗಲು ನೆಪ ಹುಡುಕಬೇಕಾಗಿಲ್ಲ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೂಮಳೆ ಬೀಳಬೇಕು. ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ಎದ್ದು, ಎರಡು ಮೂರು ದಿನದಲ್ಲಿ ಕಂದಿ ಹೋಗುತ್ತದೆ. ಕಾಫಿ ಹೂವಿನ ನಡುವೆ ಪ್ರೇಮಿಗಳನ್ನು ನಿಲ್ಲಿಸುವ ಆಸೆ ಎಲ್ಲರಿಗೂ ಆಗುತ್ತದೆ, ನಿಲ್ಲಿಸಿ. ಆದರೆ ಪೂರ್ಣೇಶ ತಂದೆಯ ಮೇಲೆ ಕತ್ತಿ ಬೀಸಿದ್ದು ಹೂವಿನ ಕಾಲದಲ್ಲೇ ಆಗಿದ್ದರೆ, ಆ ಪರಿಮಳ ಅವನಿಗೆ ಪ್ರತಿವರ್ಷ ಏನು ಮಾಡುತ್ತದೆ ಎಂದು ಯೋಚಿಸಿ. ಘಟನೆ ನಡೆದ ಕಾಲವೇ ಮರಳಿ ಬಂದಾಗ ಕಾರಣ ತಿಳಿಯದೆ ಮನಸ್ಸು ಕೆಡುವುದು ಆಘಾತಕ್ಕೊಳಗಾದವರಲ್ಲಿ ಸಾಮಾನ್ಯ. ಅವಳು ಸಂತೋಷದಿಂದ ಹೂವಿನ ಗೆಲ್ಲು ಹಿಡಿದು ತೋರಿಸುವಾಗ ಅವನು ಪಿಕಪ್ಪಿನ ಗಾಜು ಏರಿಸುತ್ತಾನೆ, ಅವಳಿಗೆ ಅವಮಾನವಾಗುತ್ತದೆ. ಮುಂದಿನ ಅಧ್ಯಾಯ ತಾನಾಗಿ ಹುಟ್ಟಿಕೊಂಡಿತು.

ಮಳೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಳೆಯಲ್ಲಿ ದಾರಿ ಕಟ್ಟಿ ನಾಯಕ ನಾಯಕಿ ಒಂದೇ ಮನೆಯಲ್ಲಿ ರಾತ್ರಿ ಕಳೆಯುವುದು ಪ್ರೇಮಕತೆಗಳ ಹಳೆಯ ಸಲಕರಣೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಕೊಚ್ಚಿಹೋದವು, ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿತು. ನಮ್ಮ ಕತೆಯನ್ನು ಆ ವರ್ಷದಲ್ಲಿಟ್ಟದ್ದಕ್ಕೆ ಇದು ಒಂದು ಕಾರಣ. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಬಸ್ಸಿಲ್ಲ. ಬೇರೆ ನಾಯಕಿಗೆ ಇದು ರೋಮಾಂಚನವಿರಬಹುದು, ಭಾರತಿಗೆ ಇದು ಬೀಗ ಹಾಕಿದ ಮನೆ. ತಪ್ಪಿಸಿಕೊಂಡು ಬಂದವಳಿಗೆ ಹೊರಗೆ ಹೋಗುವ ದಾರಿ ಇಲ್ಲವೆನ್ನುವುದಕ್ಕಿಂತ ದೊಡ್ಡ ಹೆದರಿಕೆ ಇರುವುದಿಲ್ಲ. ಆದ್ದರಿಂದ ಆ ರಾತ್ರಿಯನ್ನು ಬರೆಯುವುದಾದರೆ ಪೂರ್ಣೇಶ ಏನು ಮಾಡುತ್ತಾನೆ ಎಂಬುದನ್ನು ನಿಧಾನವಾಗಿ ಬರೆಯಿರಿ: ತನ್ನ ತಾಯಿಗೆ ಭಾರತಿ ಇರುವ ಕೋಣೆಯಲ್ಲಿ ಮಲಗಲು ಹೇಳುತ್ತಾನೆ, ಚಿಲಕ ಒಳಗಿನಿಂದ ಬೀಳುತ್ತದೆಯೇ ಎಂದು ಅವಳ ಎದುರೇ ಹಾಕಿ ತೆಗೆದು ತೋರಿಸುತ್ತಾನೆ, ಪಿಕಪ್ಪಿನ ಕೀಲಿಯನ್ನು ಅವಳ ಕೈಗೆ ಕೊಟ್ಟು ತಾನು ಹೊರಗೆ ಜಗಲಿಯಲ್ಲಿ ಕಂಬಳಿ ಹೊದ್ದು ಕೂರುತ್ತಾನೆ. ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ, ಅದು ಅವನಿಗೂ ಗೊತ್ತು.

ಮಾತಿನ ಮರ್ಯಾದೆಯೂ ಈ ಸೀಮೆಯದೇ ಆಗಿರಲಿ. ಅವನು ಅವಳನ್ನು ಬಹಳ ಕಾಲ ‘ಮೇಡಂ’ ಎನ್ನುತ್ತಾನೆ. ಅವಳು ಉದ್ದೇಶಪೂರ್ವಕವಾಗಿ ‘ಪೂರ್ಣೇಶಣ್ಣ’ ಎನ್ನುತ್ತಾಳೆ, ಯಾಕೆಂದರೆ ಒಂಟಿ ಹೆಂಗಸಿಗೆ ಆಫೀಸಿನಲ್ಲಿ ಅಣ್ಣ ಎಂಬುದೊಂದು ಬೇಲಿ. ಆ ಅಣ್ಣ ಯಾವಾಗ ಬಿದ್ದುಹೋಯಿತೆಂದು ಪಾತ್ರಗಳಿಗೆ ಗೊತ್ತಾಗದಿರಲಿ, ಪಕ್ಕದ ಮೇಜಿನವಳಿಗೆ ಮೊದಲು ಗೊತ್ತಾಗಲಿ. ಎರಡನೆಯ ಭೇಟಿಗೇ ‘ನೀನು’ ಎಂದು ಏಕವಚನಕ್ಕಿಳಿಯುವ ನಾಯಕ ನನಗೆ ಓದುಗನಾಗಿಯೂ ಹಿಡಿಸುವುದಿಲ್ಲ.

ಕಾನೂನು ಕತೆಗೆ ಏನು ಕೊಡುತ್ತದೆ

ಇಲ್ಲಿ ತಪ್ಪು ಮಾಡಿದರೆ ತಿಳಿದ ಓದುಗರು ಪುಸ್ತಕ ಮುಚ್ಚುತ್ತಾರೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಮನೆ ಯಾರ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎಂದು ಅದು ಹೇಳುತ್ತದೆ, ಮ್ಯಾಜಿಸ್ಟ್ರೇಟರು ಮಧ್ಯಂತರ ರಕ್ಷಣಾ ಆದೇಶ ಕೊಡಬಹುದು. ಗಂಡನ ಕ್ರೌರ್ಯದ ಕ್ರಿಮಿನಲ್ ಕೇಸು 2016ರಲ್ಲಿ ದಾಖಲಾಗಿದ್ದರೆ ಅದು ಭಾರತೀಯ ದಂಡ ಸಂಹಿತೆಯ 498ಎ. ನಿಮ್ಮ ಕತೆಯ ಘಟನೆ 2024ರ ಜುಲೈ 1ರ ನಂತರದ್ದಾದರೆ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂ. ಇಸವಿ ಖಚಿತವಾಗಿರಬೇಕೆಂದದ್ದು ಇದಕ್ಕೂ ಸೇರಿಸಿಯೇ.

ಪ್ರೇಮಕತೆಗೆ ನಿಜವಾದ ಇಕ್ಕಟ್ಟು ಸಿಗುವುದು ಬೇರೆಡೆ. ವ್ಯಭಿಚಾರವನ್ನು ಅಪರಾಧವಾಗಿಸಿದ್ದ 497ನೆಯ ಕಲಮನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು, ಆದರೆ ವಿಚ್ಛೇದನಕ್ಕೆ ವ್ಯಭಿಚಾರ ಈಗಲೂ ಒಂದು ಕಾರಣ. ಬೇರೊಬ್ಬನ ಜೊತೆ ಬಾಳುತ್ತಿದ್ದಾಳೆಂದು ಸಾಬೀತಾದರೆ ಹೆಂಡತಿಗೆ ಜೀವನಾಂಶ ಸಿಗದೆ ಹೋಗಬಹುದು. ಅಂದಮೇಲೆ ಭಾರತಿ ಪೂರ್ಣೇಶನ ಪಿಕಪ್ಪಿನಲ್ಲಿ ಕೂತದ್ದನ್ನು ಯಾರೋ ಫೋಟೊ ತೆಗೆದರೆ, ಅದು ವಾಯಿದೆಯ ದಿನ ಕಡೂರಿನ ಕೋರ್ಟಿನಲ್ಲಿ ಗಂಡನ ವಕೀಲರ ಕೈಯಲ್ಲಿರುತ್ತದೆ. ಅವಳ ಮಗುವಿನ ಸುಪರ್ದಿಯ ಪ್ರಶ್ನೆಯನ್ನೂ ಅವರು ಅದಕ್ಕೆ ಗಂಟು ಹಾಕುತ್ತಾರೆ. ಖಳನೊಬ್ಬನನ್ನು ಚೂರಿ ಹಿಡಿಸಿ ಕಳಿಸುವುದಕ್ಕಿಂತ ಈ ಒಂದು ಫೋಟೊ ಹೆಚ್ಚು ಭಯ ಹುಟ್ಟಿಸುತ್ತದೆ, ಮತ್ತು ಈ ಜಿಲ್ಲೆಗಳ ಕೋರ್ಟಿನ ಜಗಲಿಗಳಲ್ಲಿ ನಿಂತವರಿಗೆ ಅದು ನಿಜವೆನ್ನಿಸುತ್ತದೆ.

ಸಹಾಯದ ದಾರಿಗಳನ್ನು ಕತೆಯಲ್ಲಿ ಸಹಜವಾಗಿ ತರಬಹುದು: ಮಹಿಳಾ ಸಹಾಯವಾಣಿ 181, ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಜಿಲ್ಲಾ ಮಟ್ಟದ ಸಖಿ ಕೇಂದ್ರ, 2022ರ ಅಕ್ಟೋಬರಿನಲ್ಲಿ ಆರಂಭವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416. ಕೊನೆಯದು 2019ರ ಕತೆಯಲ್ಲಿ ಬರುವಂತಿಲ್ಲ.

ಅವನ ಕೈ

ಈ ಬಗೆಯ ಕತೆಯ ಅತ್ಯಂತ ಕಷ್ಟದ ಭಾಗ ಪೂರ್ಣೇಶ. ಹೊಡೆತ ತಿಂದವನೂ ಹೊಡೆದವನೂ ಒಬ್ಬನೇ ಆಗಿರುವಾಗ ಲೇಖಕ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮಾಫಿ ಮಾಡಿಸಲು ಹೊರಡುತ್ತಾನೆ. ಹಾಗೆ ಮಾಡಬೇಡಿ. ತಾಯಿಯನ್ನು ಉಳಿಸಲು ಕತ್ತಿ ಎತ್ತಿದೆ ಎಂದು ಅವನು ಊರಿಗೆಲ್ಲ ಹೇಳಿಕೊಂಡಿದ್ದಾನೆ, ಊರೂ ಒಪ್ಪಿದೆ. ತಂದೆ ನೆಲಕ್ಕೆ ಬಿದ್ದ ಮೇಲೂ ಇನ್ನೊಂದು ಏಟು ಹಾಕಿದ್ದು ಅವನಿಗೆ ಮಾತ್ರ ಗೊತ್ತು. ಅವನು ಭಾರತಿಗೆ ಹೇಳಬೇಕಾದದ್ದು ಆ ಎರಡನೆಯ ಏಟನ್ನು. ಅದನ್ನು ಕೇಳಿ ಅವಳು ಎದ್ದು ಹೋಗುವ ಹಕ್ಕು ಅವಳಿಗಿರಬೇಕು. ಎದ್ದು ಹೋಗಿ ಹದಿನೈದು ದಿನ ಮಾತಾಡದೆ ಇದ್ದರೆ ಕತೆಗೆ ಒಳ್ಳೆಯದೇ.

ಇಂಥ ಮಾತುಗಳನ್ನು ಎದುರುಬದುರು ಕೂರಿಸಿ ಹೇಳಿಸಬೇಡಿ. ಕಣ್ಣಿಗೆ ಕಣ್ಣು ಕೊಟ್ಟು ಯಾರೂ ಇವನ್ನು ಹೇಳುವುದಿಲ್ಲ. ಪಿಕಪ್ಪಿನಲ್ಲಿ ಇಬ್ಬರೂ ರಸ್ತೆಯನ್ನೇ ನೋಡುತ್ತಿರುವಾಗ, ಆಲ್ದೂರು ದಾಟಿದ ಮೇಲೆ, ಗೇರ್ ಬದಲಿಸುವ ನಡುವೆ ಒಂದೊಂದು ವಾಕ್ಯ ಬೀಳಲಿ. ಪೂರ್ತಿ ಕತೆ ಒಂದೇ ಸಲಕ್ಕೆ ಬರುವುದು ಬೇಡ. ನೆನಪು ಕ್ರಮವಾಗಿ ಇರುವುದಿಲ್ಲ. ಮೊದಲು ಕತ್ತಿಯ ಹಿಡಿಯ ತೇವ, ಆಮೇಲೆ ಎಂದೋ ತಾಯಿ ಕೂಗಿದ್ದು, ಇನ್ನೂ ಆಮೇಲೆ ಉಳಿದದ್ದು.

ಪೂರ್ಣೇಶ ಭಾರತಿಯ ಗಂಡನನ್ನು ಹೊಡೆಯುವ ದೃಶ್ಯವನ್ನು ಓದುಗರು ಕಮೆಂಟಿನಲ್ಲಿ ಬೇಡಿ ಬೇಡಿ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಕೊಡಬಾರದು. ಕೊಡಲೇಬೇಕೆಂದರೆ ಆ ಹೊತ್ತಿನಲ್ಲಿ ಭಾರತಿಯ ಕಣ್ಣು ಗಂಡನ ಮುಖದ ಮೇಲಿರುವುದಿಲ್ಲ, ಪೂರ್ಣೇಶನ ಮುಷ್ಟಿಯ ಮೇಲಿರುತ್ತದೆ ಎಂಬುದನ್ನು ಬರೆಯಿರಿ, ಆಮೇಲೆ ಅವನ ಬೈಕು ಮತ್ತೆ ರಸ್ತೆಯ ತಿರುವಿನಲ್ಲಿ ನಿಲ್ಲುವುದನ್ನೂ ಬರೆಯಿರಿ. ಅನುಮಾನ, ಫೋನ್ ಪರೀಕ್ಷಿಸುವುದು, ‘ಯಾರ ಜೊತೆ ಮಾತಾಡ್ತಿದ್ದೆ’ ಎಂದು ಕೇಳುವುದು ಇವನ್ನೆಲ್ಲ ಪ್ರೀತಿಯ ಆಳವೆಂದು ತೋರಿಸುವ ರೂಢಿ ನಮ್ಮ ಧಾರಾವಾಹಿಗಳಲ್ಲಿ ಬಹಳ ಇದೆ. ಭಾರತಿಯ ಗಂಡನೂ ಮೊದಮೊದಲು ಇದನ್ನೇ ಮಾಡಿದ್ದ ಎಂದು ಲೇಖಕರಿಗೆ ನೆನಪಿರಬೇಕು.

ನಡಿಗೆಯ ವೇಗ

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಚೇತರಿಕೆಯನ್ನು ಮೂರು ಹಂತಗಳಾಗಿ ವಿವರಿಸಿದರು: ಮೊದಲು ಸುರಕ್ಷತೆ, ನಂತರ ನೆನಪಿಸಿಕೊಂಡು ದುಃಖಿಸುವುದು, ಕೊನೆಗೆ ಬದುಕಿನೊಡನೆ ಮತ್ತೆ ಸೇರುವುದು. ಕತೆಗಾರರಿಗೆ ಇದರಿಂದ ಸಿಗುವ ಉಪಯೋಗ ದೊಡ್ಡದು, ಯಾಕೆಂದರೆ ಹೆಚ್ಚಿನ ಪ್ರೇಮಕತೆಗಳು ಸುರಕ್ಷತೆಯನ್ನು ದಾಟಿ ನೇರವಾಗಿ ಕಣ್ಣೀರಿನ ತಪ್ಪೊಪ್ಪಿಗೆಗೆ ಹಾರುತ್ತವೆ. ಭಾರತಿಗೆ ತನ್ನದೇ ಬಾಗಿಲಿನ ಚಿಲಕ, ತನ್ನದೇ ಬ್ಯಾಂಕ್ ಪಾಸ್‌ಬುಕ್, ರಾತ್ರಿ ಕರೆದರೆ ಬರುವ ಒಬ್ಬ ಗೆಳತಿ ಇವು ಮೂರೂ ಸಿಗುವವರೆಗೆ ಪ್ರೀತಿಯ ಮಾತು ಬೇಡ. ಹಾಗೆಂದು ಹಂತಗಳು ಮೆಟ್ಟಿಲಿನಂತೆ ಸಾಲಾಗಿ ಬರುವುದಿಲ್ಲ. ಎಲ್ಲ ಸರಿಹೋಯಿತೆನ್ನುವಾಗ ಒಂದು ವಾಯಿದೆ, ಒಂದು ಫೋನ್ ಕರೆ ಅವಳನ್ನು ಮೊದಲಿನ ಜಾಗಕ್ಕೆ ತಳ್ಳಬಹುದು. ಕಾದಂಬರಿಯ ಮುಕ್ಕಾಲು ಭಾಗದ ಹೊತ್ತಿಗೆ ಅಂಥದ್ದೊಂದು ಹಿನ್ನಡೆ ಬರಲಿ, ಅದಕ್ಕೆ ಪೂರ್ಣೇಶನ ತಪ್ಪು ಕಾರಣವಾಗದಿರಲಿ. ತನ್ನ ತಪ್ಪಿಲ್ಲದಿದ್ದರೂ ಅವಳು ತನ್ನನ್ನು ಕಂಡು ಹೆದರುತ್ತಾಳೆ ಎಂಬುದನ್ನು ಅವನು ಹೇಗೆ ತಾಳಿಕೊಳ್ಳುತ್ತಾನೆ ಎನ್ನುವುದರಲ್ಲಿ ಅವನ ನಿಜವಾದ ಪರೀಕ್ಷೆ ಇದೆ.

ಮೈ ಹತ್ತಿರವಾಗುವ ದೃಶ್ಯಗಳಲ್ಲಿ ಒಂದನ್ನು ಮಾತ್ರ ಗಮನಿಸಿ: ನಿಲ್ಲಿಸುವುದು ಯಾರ ಕೈಯಲ್ಲಿದೆ? ಅವಳು ‘ಬೇಡ, ಇವತ್ತು ಆಗಲ್ಲ’ ಎಂದ ಮೇಲೆ ಅವನು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರಲಿ, ಬೆಲ್ಲ ಹೆಚ್ಚಾಯಿತೆಂದು ಇಬ್ಬರೂ ಜಗಳವಾಡಲಿ. ಅವನು ಗಾಯಗೊಂಡ ಮುಖ ಹೊತ್ತು ಗೋಡೆ ಕಡೆ ತಿರುಗಿ ಮಲಗಿದರೆ ಅವಳ ಹಳೆಯ ‘ಪರವಾಗಿಲ್ಲ ಬಿಡಿ’ ಮರಳಿ ಬರುತ್ತದೆ.

ಇತರ ಪಾತ್ರಗಳ ಬಗ್ಗೆ ಹೆಚ್ಚೇನಿಲ್ಲ. ಭಾರತಿಯ ತಾಯಿಯನ್ನು ರಾಕ್ಷಸಿ ಮಾಡಬೇಡಿ, ಪೂರ್ಣೇಶನ ತಂದೆಗೆ ಒಂದಾದರೂ ಪೂರ್ತಿ ದೃಶ್ಯ ಕೊಡಿ. ಹಿಂಸೆ ಅನುಭವಿಸಿದವರನ್ನು ಮಾತಾಡಿಸಿ ಬರೆಯುವುದಾದರೆ ಹೊಡೆತದ ವಿವರ ಕೇಳಬೇಡಿ, ಮನೆ ಬಿಟ್ಟ ದಿನ ಚೀಲದಲ್ಲಿ ಏನೇನು ಹಾಕಿಕೊಂಡಿರಿ ಎಂದು ಕೇಳಿ. ಅವರನ್ನು ಗುರುತು ಹಿಡಿಯಬಹುದಾದ ಯಾವುದೂ ಕತೆಯಲ್ಲಿ ಉಳಿಯದಂತೆ ಬದಲಿಸಿ.

ಕಂತು ಕಂತಾಗಿ ಪ್ರಕಟಿಸುವವರಿಗೆ ಇನ್ನೊಂದು ಮಾತು ಹೇಳಬೇಕು. ಮೊದಲ ಕಂತಿನ ಮೇಲೆಯೇ ಕತೆಯಲ್ಲಿ ಕೌಟುಂಬಿಕ ಹಿಂಸೆಯ ಚಿತ್ರಣವಿದೆ ಎಂದು ಎರಡು ಸಾಲು ಹಾಕಿ. ಓದುಗರಲ್ಲಿ ಭಾರತಿಯಂಥವರೂ ಇರುತ್ತಾರೆ. ಮುಂದಿನ ಕಂತಿಗೆ ಎಳೆಯಬೇಕೆಂದು ಎತ್ತಿದ ಕೈಯ ಮೇಲೆ ಕಂತನ್ನು ಮುರಿಯಬೇಡಿ. ಹೊಡೆತದ ದೃಶ್ಯ ಬಂದರೆ ಅದು ಅದೇ ಕಂತಿನಲ್ಲಿ ಮುಗಿದು, ಅವಳು ಎಲ್ಲಿಗೋ ತಲುಪಿ, ಬಾಗಿಲು ಹಾಕಿಕೊಂಡ ಮೇಲೆ ‘ಮುಂದುವರಿಯುವುದು’ ಎಂದು ಹಾಕಿ. ಓದುಗರನ್ನು ಕಾಯಿಸುವುದಕ್ಕೆ ಗೇಟಿನಾಚೆ ನಿಂತು ಹೆಸರು ಹೇಳುತ್ತಿರುವ ಪೂರ್ಣೇಶ ಸಾಕು. ಅವಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ ಎಂಬುದು ಒಂದು ವಾರ ಉಳಿಯಬಲ್ಲ ಪ್ರಶ್ನೆ.